ಕ್ಯಾಥೊಲಿಕ್ ಕ್ಲಾಸಿಕಲ್ ಶಾಲೆ ಆರಿಸುವ ಮುಂಚೆ: ಮೇಷ್ಟ್ರು ಯಾರು, ಹೆಡ್‌ಮಾಸ್ಟರ್ ಮೇಲೆ ಯಾರು?

ಅಮೆರಿಕದ ಯಾವುದಾದರೂ ನಾಲ್ಕು ಕ್ಯಾಥೊಲಿಕ್ ಕ್ಲಾಸಿಕಲ್ ಶಾಲೆಗಳ, ಅಂದರೆ ಲ್ಯಾಟಿನ್ ಮತ್ತು ಹಳೇ ಮಹಾಗ್ರಂಥಗಳನ್ನು ಓದಿಸಿ ಕಲಿಸುವ ಶಾಲೆಗಳ, ವೆಬ್‌ಸೈಟ್ ತೆರೆಯಿರಿ. ಹೆಸರು ಮುಚ್ಚಿಟ್ಟು ಓದಿದರೆ ಯಾವುದು ಯಾವ ಶಾಲೆ ಅಂತ ಹೇಳುವುದು ಕಷ್ಟ. ಎಲ್ಲ ಕಡೆ ಸತ್ಯ, ಒಳಿತು, ಸೌಂದರ್ಯ. ಎಲ್ಲ ಕಡೆ ಲ್ಯಾಟಿನ್, ಹೋಮರ್, ಅಗಸ್ಟೀನ್, ಅಕ್ವಿನಾಸ್. ಯೂನಿಫಾರ್ಮ್ ಹಾಕಿಕೊಂಡ ಮಕ್ಕಳು ಮರದ ಕೆಳಗೆ ಪುಸ್ತಕ ಹಿಡಿದು ಕೂತ ಫೋಟೊ ಅಂತೂ ಇದ್ದೇ ಇರುತ್ತದೆ. ಇದನ್ನೇ ನೋಡಿ ಆರಿಸಲು ಹೊರಟರೆ ಕೊನೆಗೆ ಮನೆಗೆ ಯಾವುದು ಹತ್ತಿರ, ಫೀಸು ಎಲ್ಲಿ ಕಡಿಮೆ ಅನ್ನುವುದರ ಮೇಲೆ ತೀರ್ಮಾನ ಆಗಿಬಿಡುತ್ತದೆ.

ನನ್ನ ಪ್ರಕಾರ ಮುಖ್ಯವಾಗಿ ನೋಡಬೇಕಾದ್ದು ಎರಡು. ಒಂದು, ಪಾಠ ಮಾಡುವವರು ಯಾರು ಮತ್ತು ಅವರು ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ. ಎರಡು, ಹೆಡ್‌ಮಾಸ್ಟರನ್ನು ನೇಮಿಸುವವರು ಮತ್ತು ತೆಗೆಯುವವರು ಯಾರು. ಪಠ್ಯಕ್ರಮ ಎಷ್ಟೇ ಚೆನ್ನಾಗಿರಲಿ, ಅದನ್ನು ಕಟ್ಟಿದವರು ಹೋದ ಮೇಲೂ ಅದು ನಿಲ್ಲುತ್ತದಾ ಅನ್ನುವುದು ಈ ಎರಡರಿಂದಲೇ ಗೊತ್ತಾಗುತ್ತದೆ.

ಈ ಬರಹ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ. ಮಂಗಳೂರು, ಉಡುಪಿ, ಬೆಂಗಳೂರು ಕಡೆಯ ಕ್ರೈಸ್ತರಿಗೆ ಮಾತ್ರ ಅಲ್ಲ. ಶಿಸ್ತು ಇದೆ, ಒಳ್ಳೇ ಪುಸ್ತಕ ಓದಿಸುತ್ತಾರೆ, ಮಕ್ಕಳ ಕೈಗೆ ಫೋನು ಕೊಡಲ್ಲ ಅಂತ ಕೇಳಿ ವಿಚಾರಿಸುವ ಹಿಂದೂ ಅಪ್ಪ ಅಮ್ಮಂದಿರೂ ಇದ್ದಾರೆ. ಅವರಿಗೂ ಮುಂದೆ ಒಂದೆರಡು ಮಾತು ಹೇಳುತ್ತೇನೆ.

ಊರಿನ ಕಾನ್ವೆಂಟಿನ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮಲ್ಲಿ ಕ್ಯಾಥೊಲಿಕ್ ಶಾಲೆ ಅಂದರೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಕಾಲೇಜಾದರೆ ಫಾದರ್ ಪ್ರಿನ್ಸಿಪಾಲ್. ಕೆಲವು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ, ಇನ್ನೊಬ್ಬರು ಬರುತ್ತಾರೆ, ಶಾಲೆ ಹಾಗೇ ನಡೆಯುತ್ತದೆ. ಹಿಂದೆ ದೊಡ್ಡ ಸಂಸ್ಥೆ ಇದೆ ಅನ್ನುವ ಧೈರ್ಯ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಜೆಸುಯಿಟ್ ಪಾದ್ರಿಗಳು ಶುರು ಮಾಡಿದಾಗ ಅವರ ಬೆನ್ನಿಗೆ 1599ರ ರಾಶಿಯೊ ಸ್ಟುಡಿಯೋರಮ್ ಅನ್ನುವ ನಿಯಮಾವಳಿ ಇತ್ತು. ರೆಕ್ಟರ್ ಕೆಲಸ ಏನು, ಪಾಠದ ಮೇಲ್ವಿಚಾರಕನ ಕೆಲಸ ಏನು, ವ್ಯಾಕರಣದ ತರಗತಿಯ ಮೇಷ್ಟ್ರು ಏನು ಮಾಡಬೇಕು, ಎಲ್ಲವೂ ಅದರಲ್ಲಿ ಬರೆದಿತ್ತು.

ಅಮೆರಿಕದಲ್ಲಿ ಈಗ ಚಿತ್ರ ಬೇರೆ. ಅಲ್ಲಿನ ಕ್ಯಾಥೊಲಿಕ್ ಶಾಲೆಗಳಲ್ಲಿ ಕೆಲಸ ಮಾಡುವವರಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಜನ ಪಾದ್ರಿಗಳೂ ಅಲ್ಲ, ಸಿಸ್ಟರುಗಳೂ ಅಲ್ಲ. ಮದುವೆಯಾಗಿ, ಮಕ್ಕಳಿದ್ದು, ಮನೆ ಸಾಲ ಕಟ್ಟುವ ಸಾಮಾನ್ಯ ಜನ. 1960ರ ದಶಕದ ಶುರುವಿನಲ್ಲಿ ಐವತ್ತು ಲಕ್ಷ ದಾಟಿದ್ದ ಮಕ್ಕಳ ಸಂಖ್ಯೆ ಈಗ ಹದಿನೇಳು ಲಕ್ಷದ ಆಸುಪಾಸಿಗೆ ಇಳಿದಿದೆ. ಈ ಇಳಿತದ ನಡುವೆಯೇ ಕ್ಲಾಸಿಕಲ್ ಶಾಲೆಗಳು ಹುಟ್ಟಿಕೊಂಡವು. ಕೆಲವು ಮುಚ್ಚುವ ಹಂತದಲ್ಲಿದ್ದ ಶಾಲೆಗಳು ಮತ್ತೆ ಚಿಗುರಿದ್ದು. ಕೆಲವು ನಾಲ್ಕು ಮನೆಯವರು ಸೇರಿ ಕಟ್ಟಿದ್ದು. ಹೀಗಾಗಿ ಎಲ್ಲದಕ್ಕೂ ಒಂದೇ ಬಗೆಯ ಯಜಮಾನಿಕೆ ಇಲ್ಲ.

ಒಂದು ವಿಷಯ ಮಾತ್ರ ಎಲ್ಲರಿಗೂ ಅನ್ವಯ. 1983ರ ಚರ್ಚ್ ಕಾನೂನು ಸಂಹಿತೆಯ 803ನೇ ನಿಯಮದ ಪ್ರಕಾರ ಚರ್ಚ್ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಯಾವ ಶಾಲೆಯೂ 'ಕ್ಯಾಥೊಲಿಕ್ ಶಾಲೆ' ಅಂತ ಹೆಸರು ಹಾಕಿಕೊಳ್ಳುವಂತಿಲ್ಲ. 805ನೇ ನಿಯಮ ಧರ್ಮಬೋಧನೆಯ ಟೀಚರನ್ನು ನೇಮಿಸುವ, ಒಪ್ಪುವ, ಬೇಕಾದರೆ ತೆಗೆಯುವ ಹಕ್ಕನ್ನು ಬಿಷಪರಿಗೆ ಕೊಡುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ "ಬಿಷಪರ ಒಪ್ಪಿಗೆ ಪತ್ರ ಇದೆಯಾ?" ಅಂತ ಕೇಳಿ. ಇಲ್ಲ ಅಂದರೆ ಶಾಲೆ ಕೆಟ್ಟದು ಅಂತ ಅಲ್ಲ. ಹೊಸ ಶಾಲೆಗಳು ಆ ಪತ್ರಕ್ಕೆ ಕಾಯುತ್ತಿರುತ್ತವೆ, ಅಲ್ಲಿಯವರೆಗೆ 'ಕ್ಯಾಥೊಲಿಕ್ ಸಂಪ್ರದಾಯದಲ್ಲಿ' ಅಂತ ಬರೆದುಕೊಳ್ಳುತ್ತವೆ. ಕೇಳಿದ್ದಕ್ಕೆ ನೇರ ಉತ್ತರ ಬರುತ್ತದಾ, ಮಾತು ತೇಲಿಸುತ್ತಾರಾ ಅನ್ನುವುದನ್ನು ನೋಡಿಕೊಳ್ಳಿ.

ಧರ್ಮಕೇಂದ್ರದ ಶಾಲೆ

ಒಂದು ಚರ್ಚ್ ಮತ್ತು ಅದರ ಸುತ್ತಲಿನ ಕ್ಯಾಥೊಲಿಕರ ಸಮುದಾಯವನ್ನು (ಪ್ಯಾರಿಷ್) ಧರ್ಮಕೇಂದ್ರ ಅನ್ನುತ್ತಾರೆ. ಅದು ನಡೆಸುವ ಕ್ಲಾಸಿಕಲ್ ಶಾಲೆಗೆ ಎಲ್ಲರೂ ಕೊಡುವ ಉದಾಹರಣೆ ಮೇರಿಲ್ಯಾಂಡಿನ ಹಯಾಟ್ಸ್‌ವಿಲ್‌ನ ಸೇಂಟ್ ಜೆರೋಮ್ ಅಕಾಡೆಮಿ. ವಾಷಿಂಗ್ಟನ್ ಮಹಾಧರ್ಮಕ್ಷೇತ್ರದ, ಅಂದರೆ ಅಲ್ಲಿನ ಆರ್ಚ್‌ಬಿಷಪರ ವ್ಯಾಪ್ತಿಯ, ಒಂದು ಸಾಮಾನ್ಯ ಚರ್ಚ್ ಶಾಲೆ. ಮಕ್ಕಳಿಲ್ಲದೆ, ದುಡ್ಡಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. 2010ರಲ್ಲಿ ಪ್ರಿನ್ಸಿಪಾಲ್ ಮೇರಿ ಪ್ಯಾಟ್ ಡೊನೊಹ್ಯೂ ಮತ್ತು ಆ ಚರ್ಚಿನ ಕೆಲವು ಓದಿದ ಜನ, ಅವರಲ್ಲಿ ಪ್ರೊಫೆಸರುಗಳೂ ಇದ್ದರು, ಕೂತು ಇಡೀ ಶಾಲೆಗೆ ಒಂದು ಶಿಕ್ಷಣ ಯೋಜನೆ ಬರೆದರು. ಶಾಲೆ ಕ್ಲಾಸಿಕಲ್ ಆಯಿತು, ಮಕ್ಕಳು ಬಂದರು. ಆಮೇಲೆ ಡೊನೊಹ್ಯೂ ಅಲ್ಲಿಂದ ಹೊರಟು, 2018ರಲ್ಲಿ ಅಮೆರಿಕದ ಬಿಷಪರ ಸಮ್ಮೇಳನದ ಶಿಕ್ಷಣ ವಿಭಾಗದ ಮುಖ್ಯಸ್ಥೆಯಾದರು. ಶಾಲೆ ಮಾತ್ರ ಅದೇ ದಾರಿಯಲ್ಲಿ ಮುಂದುವರಿಯಿತು. ನನಗೆ ಇದೇ ದೊಡ್ಡ ವಿಷಯ ಅನಿಸುವುದು. ಯೋಜನೆ ಪ್ರಿನ್ಸಿಪಾಲರ ತಲೆಯಲ್ಲಷ್ಟೇ ಇರಲಿಲ್ಲ, ಕಾಗದದ ಮೇಲೂ ಟೀಚರುಗಳ ಕೈಯಲ್ಲೂ ಇತ್ತು.

ಧರ್ಮಕೇಂದ್ರದ ಶಾಲೆಯಲ್ಲಿ ಕೊನೇ ಮಾತು ವಿಚಾರಣಾ ಗುರುಗಳದ್ದು, ಅಂದರೆ ಆ ಚರ್ಚಿನ ಹೊಣೆ ಹೊತ್ತ ಪಾದ್ರಿಯದ್ದು. ಪ್ರಿನ್ಸಿಪಾಲರನ್ನು ನೇಮಿಸುವುದು ಅವರೇ, ಧರ್ಮಕ್ಷೇತ್ರದ ಶಿಕ್ಷಣ ಕಚೇರಿಯ ಜೊತೆ ಸೇರಿ. ಅಪಾಯ ಇರುವುದೂ ಇಲ್ಲೇ. ಅಮೆರಿಕದಲ್ಲಿ ಬಿಷಪರು ವಿಚಾರಣಾ ಗುರುಗಳನ್ನು ಆರು ವರ್ಷದ ಅವಧಿಗೆ ನೇಮಿಸಬಹುದು, ಮತ್ತೆ ಮುಂದುವರಿಸಲೂಬಹುದು. ಇವತ್ತಿನ ಫಾದರ್‌ಗೆ ಲ್ಯಾಟಿನ್ ಇಷ್ಟ, ನಾಳೆ ಬರುವವರಿಗೆ ಇದೆಲ್ಲ ಸುಮ್ನೆ ದೊಡ್ಡಸ್ತಿಕೆ ಅನಿಸಿದರೆ? ಶಾಲೆ ಒಂದೇ ವರ್ಷದಲ್ಲಿ ಹಳೇ ದಾರಿಗೆ ಹೊರಳಬಹುದು. ಆದ್ದರಿಂದ ಕೇಳಬೇಕಾದ್ದು, "ಈಗಿನ ಫಾದರ್ ಬಂದು ಎಷ್ಟು ವರ್ಷ ಆಯಿತು? ಹಿಂದಿನವರ ಕಾಲದಲ್ಲೂ ಶಾಲೆ ಹೀಗೇ ಇತ್ತಾ?" ಒಂದು ಸಲ ಪಾದ್ರಿ ಬದಲಾದರೂ, ಒಂದು ಸಲ ಪ್ರಿನ್ಸಿಪಾಲ್ ಬದಲಾದರೂ ದಾರಿ ತಪ್ಪದ ಶಾಲೆಯನ್ನು ಧಾರಾಳವಾಗಿ ನಂಬಬಹುದು.

ಇನ್ನು ಕೆಲವು ಕಡೆ ಇಡೀ ಧರ್ಮಕ್ಷೇತ್ರವೇ ಈ ಕಡೆ ತಿರುಗಿದೆ. ಮಿಷಿಗನ್‌ನ ಮಾರ್ಕೆಟ್ ಧರ್ಮಕ್ಷೇತ್ರ ಅಂಥದ್ದು. ಬಿಷಪರೇ ನಿಂತು ಮಾಡಿಸಿದರೆ ಒಬ್ಬ ಪಾದ್ರಿ ಬದಲಾದ ಮಾತ್ರಕ್ಕೆ ಬುಡ ಅಲುಗಾಡುವುದಿಲ್ಲ. ಆದರೆ ಇಲ್ಲಿ ಇನ್ನೊಂದು ತೊಡಕಿದೆ. ಇಪ್ಪತ್ತು ವರ್ಷ ವರ್ಕ್‌ಶೀಟ್ ಕೊಟ್ಟು ಪಾಠ ಮಾಡಿದ ಟೀಚರಿಗೆ ಆಗಸ್ಟ್ ತಿಂಗಳಲ್ಲಿ ಮೂರು ದಿನ ತರಬೇತಿ ಕೊಟ್ಟು "ಇನ್ನು ಮೇಲೆ ಸಾಕ್ರೆಟಿಸ್ ಥರ ಪ್ರಶ್ನೆ ಕೇಳಿ" ಅಂದರೆ ಆಗುತ್ತದಾ? 1999ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಫಾರ್ ಕ್ಯಾಥೊಲಿಕ್ ಲಿಬರಲ್ ಎಜುಕೇಶನ್ ಈ ತರಬೇತಿಯಲ್ಲಿ ಹೆಸರು ಮಾಡಿದ ಸಂಸ್ಥೆ. ಅದರ ಜೊತೆ ಶಾಲೆ ಒಂದೆರಡು ದಿನ ಕೆಲಸ ಮಾಡಿದೆಯೋ, ವರ್ಷಗಟ್ಟಲೆ ಮಾಡಿದೆಯೋ ವಿಚಾರಿಸಿ.

ಚರ್ಚ್ ಶಾಲೆಯ ದೊಡ್ಡ ಅನುಕೂಲ ಫೀಸು. ಬೇರೆಯವಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ಕಡಿಮೆ. ಚರ್ಚಿನ ಸದಸ್ಯರಿಗೆ ಇನ್ನೂ ಕಡಿಮೆ. ಒಂದನೇ ಕ್ಲಾಸಿನ ಟೀಚರ್ ಹತ್ತು ಹದಿನೈದು ವರ್ಷದಿಂದ ಅದೇ ಕೋಣೆಯಲ್ಲಿರುವುದು ಕೂಡ ಇಂಥ ಶಾಲೆಗಳಲ್ಲೇ ಜಾಸ್ತಿ.

ಅಪ್ಪ ಅಮ್ಮಂದಿರು ಕಟ್ಟಿದ ಶಾಲೆ

ಕ್ಯಾಲಿಫೋರ್ನಿಯಾದ ವೆಂಚುರಾದ ಸೇಂಟ್ ಅಗಸ್ಟೀನ್ ಅಕಾಡೆಮಿ, ಮೇರಿಲ್ಯಾಂಡಿನ ಪೊಟೊಮ್ಯಾಕ್‌ನಲ್ಲಿರುವ ಗಂಡುಮಕ್ಕಳ ಶಾಲೆ ದಿ ಹೈಟ್ಸ್, ಇವೆಲ್ಲ ಚರ್ಚಿಗೆ ಸೇರಿದ ಆಸ್ತಿಯಲ್ಲ. ಸ್ವತಂತ್ರ ಶಾಲೆಗಳು. ಆಡಳಿತ ಮಂಡಳಿ ಹೆಡ್‌ಮಾಸ್ಟರನ್ನು ನೇಮಿಸುತ್ತದೆ, ಹೆಡ್‌ಮಾಸ್ಟರ್ ಮೇಷ್ಟ್ರುಗಳನ್ನು ನೇಮಿಸುತ್ತಾರೆ.

ದಿ ಹೈಟ್ಸ್ 1969ರಲ್ಲಿ ಶುರುವಾಯಿತು. ಅಲ್ಲಿ ಧಾರ್ಮಿಕ ಮಾರ್ಗದರ್ಶನ ಓಪುಸ್ ದೇಯಿ ಎಂಬ ಕ್ಯಾಥೊಲಿಕ್ ಸಂಸ್ಥೆಯ ಪಾದ್ರಿಗಳದ್ದು, ಶಾಲೆ ನಡೆಸುವುದು ಗೃಹಸ್ಥರು. 2002ರಲ್ಲಿ ಹೆಡ್‌ಮಾಸ್ಟರ್ ಆದ ಅಲ್ವಾರೊ ಡಿ ವಿಸೆಂಟೆ ಬಹಳ ವರ್ಷ ಅದೇ ಕುರ್ಚಿಯಲ್ಲಿದ್ದರು. ಅಲ್ಲಿ ಪ್ರತಿ ಹುಡುಗನಿಗೂ ಒಬ್ಬ ಮೇಷ್ಟ್ರು ಮೆಂಟರ್. ಮಾರ್ಕ್ಸ್ ಬಗ್ಗೆ ಮಾತ್ರ ಅಲ್ಲ, ಗೆಳೆಯರು, ಮನೆ, ಪ್ರಾರ್ಥನೆ, ಆಟ, ಎಲ್ಲದರ ಬಗ್ಗೆ ಆಗಾಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಅಪ್ಪ ಅಮ್ಮನ ಜೊತೆಗೂ ಅವರದ್ದೇ ಸಂಪರ್ಕ. ಮೇಷ್ಟ್ರು ತುಂಬ ವರ್ಷ ಉಳಿಯದ ಶಾಲೆಯಲ್ಲಿ ಇಂಥ ಪದ್ಧತಿ ಹೆಸರಿಗಷ್ಟೇ ಇರುತ್ತದೆ, ಅಲ್ವಾ?

ಸ್ವತಂತ್ರ ಶಾಲೆಯ ಬಲ ಅಂದರೆ ಬೇಗ ನಿರ್ಧಾರ ಮಾಡಬಹುದು, ಒಳ್ಳೇ ಮೇಷ್ಟ್ರು ಸಿಕ್ಕಿದರೆ ಅವತ್ತೇ ತೆಗೆದುಕೊಳ್ಳಬಹುದು. ಬಲಹೀನತೆ ಮಂಡಳಿಯದ್ದು. ಹೊಸ ಶಾಲೆಯಲ್ಲಿ ಮಂಡಳಿಯವರೇ ಸ್ಥಾಪಕರು, ಅವರೇ ದಾನಿಗಳು, ಅವರ ಮಕ್ಕಳೇ ವಿದ್ಯಾರ್ಥಿಗಳು. ಮಂಡಳಿ ಸದಸ್ಯನ ಮಗನಿಗೆ ಟೀಚರ್ 'ಸಿ' ಕೊಟ್ಟರೆ ಏನಾಗುತ್ತದೆ ಅಂತ ಯೋಚಿಸಿ. ಹೆಡ್‌ಮಾಸ್ಟರ್ ಟೀಚರ್ ಪರ ನಿಲ್ಲಬೇಕು. ಆದರೆ ಅವರ ಕೆಲಸ ಇರುವುದೇ ಆ ಸದಸ್ಯನ ಕೈಯಲ್ಲಿ. ನನಗೆ ಗೊತ್ತಿರುವ ಒಂದು ಹೊಸ ಶಾಲೆಯಲ್ಲಿ ಇಂಥದ್ದೇ ಜಗಳ ಬೆಳೆದು ಹೆಡ್‌ಮಾಸ್ಟರ್ ವರ್ಷದ ನಡುವೆ ಹೋದರು, ಬೇಸಿಗೆಯಲ್ಲಿ ಅವರ ಹಿಂದೆ ಅರ್ಧ ಮೇಷ್ಟ್ರುಗಳು ಹೋದರು. ಪಠ್ಯಕ್ರಮದಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಇದನ್ನು ಹೊರಗಿನಿಂದಲೇ ಸ್ವಲ್ಪ ಪರೀಕ್ಷೆ ಮಾಡಬಹುದು. ಅಮೆರಿಕದ ಲಾಭರಹಿತ ಸಂಸ್ಥೆಗಳು ವರ್ಷಕ್ಕೊಮ್ಮೆ ತೆರಿಗೆ ಇಲಾಖೆಗೆ 990 ನಂಬರಿನ ಫಾರ್ಮ್ ಸಲ್ಲಿಸುತ್ತವೆ. ಅದನ್ನು ಯಾರು ಬೇಕಾದರೂ ನೋಡಬಹುದು. ಪ್ರೊಪಬ್ಲಿಕಾ ಅನ್ನುವ ಸುದ್ದಿಸಂಸ್ಥೆಯ ತಾಣದಲ್ಲಿ ಶಾಲೆಯ ಹೆಸರು ಹಾಕಿದರೆ ಪುಕ್ಕಟೆ ಸಿಗುತ್ತದೆ. ಮಂಡಳಿಯಲ್ಲಿ ಯಾರ್ಯಾರಿದ್ದಾರೆ, ಹೆಚ್ಚು ಸಂಬಳದವರು ಯಾರು, ಮಂಡಳಿಯವರ ನಡುವೆ ನೆಂಟಸ್ತಿಕೆ ಅಥವಾ ವ್ಯಾಪಾರ ಸಂಬಂಧ ಇದೆಯಾ ಅನ್ನುವ ಪ್ರಶ್ನೆಗೂ ಅದರಲ್ಲಿ ಉತ್ತರ ಇರುತ್ತದೆ. ಮೂರು ವರ್ಷದ ಫಾರ್ಮ್ ಪಕ್ಕಪಕ್ಕ ಇಟ್ಟರೆ ಯಾರು ಬಂದರು, ಯಾರು ಹೋದರು ಅಂತ ಗೊತ್ತಾಗುತ್ತದೆ. ಒಂದು ಮಾತು: ಚರ್ಚಿಗೆ ಸೇರಿದ ಶಾಲೆಗಳಿಗೆ ಮತ್ತು ಸನ್ಯಾಸಿ ಸಂಘಗಳು ನಡೆಸುವ ಶಾಲೆಗಳಿಗೆ ಈ ಫಾರ್ಮ್‌ನಿಂದ ವಿನಾಯಿತಿ ಇದೆ. ಅಲ್ಲಿ ಫಾರ್ಮ್ ಸಿಗದಿದ್ದರೆ ಅನುಮಾನ ಪಡಬೇಕಾಗಿಲ್ಲ.

ಇದೇ ಗುಂಪಿನಲ್ಲಿ ಚೆಸ್ಟರ್‌ಟನ್ ಅಕಾಡೆಮಿಗಳೂ ಬರುತ್ತವೆ. 2008ರಲ್ಲಿ ಮಿನೆಸೊಟಾದಲ್ಲಿ ಡೇಲ್ ಆಲ್‌ಕ್ವಿಸ್ಟ್ ಮತ್ತು ಟಾಮ್ ಬೆಂಗ್ಟ್‌ಸನ್ ಬೆರಳೆಣಿಕೆಯ ಮಕ್ಕಳೊಂದಿಗೆ ಶುರು ಮಾಡಿದ ಹೈಸ್ಕೂಲು ಇವತ್ತು ಹತ್ತಾರು ಊರುಗಳಲ್ಲಿದೆ. ಪ್ರತಿ ಊರಿನ ಶಾಲೆಯನ್ನೂ ಆ ಊರಿನ ಮನೆಗಳೇ ಕಟ್ಟಿ ನಡೆಸುತ್ತವೆ. ಪಠ್ಯಕ್ರಮ, ತರಬೇತಿ, ಹೆಸರು ಮಾತ್ರ ಇವನ್ನೆಲ್ಲ ಜೋಡಿಸುವ ನೆಟ್‌ವರ್ಕಿನದ್ದು. ಒಂಬತ್ತನೇ ಕ್ಲಾಸಿನಲ್ಲಿ ಪ್ರಾಚೀನ ಕಾಲ, ಹನ್ನೆರಡನೆಯದರಲ್ಲಿ ಆಧುನಿಕ ಕಾಲ, ಹೀಗೆ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ದೇವಶಾಸ್ತ್ರ ಎಲ್ಲ ಒಟ್ಟಿಗೆ ಸಾಗುತ್ತವೆ. ಯೋಜನೆ ಚೆನ್ನಾಗಿದೆ. ಆದರೆ ಹೆಸರು ಒಂದೇ ಅಂತ ಶಾಲೆಗಳೂ ಒಂದೇ ಥರ ಅಂದುಕೊಳ್ಳಬೇಡಿ. ಒಂದೂರಲ್ಲಿ ಹದಿನೈದು ವರ್ಷದ ಅನುಭವದ ಹೆಡ್‌ಮಾಸ್ಟರ್ ಇರಬಹುದು, ಇನ್ನೊಂದೂರಲ್ಲಿ ಕಾಲೇಜು ಮುಗಿಸಿ ಎರಡು ವರ್ಷ ಆದವರು ಇರಬಹುದು. ನಾನಾದರೆ ಹನ್ನೆರಡನೇ ಕ್ಲಾಸಿನ ಒಂದು ಬ್ಯಾಚಾದರೂ ಹೊರಬಿದ್ದ ಮೇಲೆ, ಸ್ಥಾಪಕ ಹೆಡ್‌ಮಾಸ್ಟರ್ ಹೋಗಿ ಎರಡನೆಯವರು ಬಂದ ಮೇಲೆ ಸೇರಿಸುತ್ತೇನೆ. ಮೊದಲ ಬ್ಯಾಚಿಗೆ ಸೇರುವವರಿಗೆ ಧೈರ್ಯ ಜಾಸ್ತಿ ಬೇಕು. ಅಂಥವರಿಲ್ಲದಿದ್ದರೆ ಶಾಲೆಯೇ ಹುಟ್ಟುವುದಿಲ್ಲ, ಅದೂ ನಿಜ.

ಸನ್ಯಾಸಿಗಳ ಶಾಲೆ

ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿರುವ ಕನ್ನಡಿಗರಿಗೆ ಸಿಸ್ಟರ್ಸಿಯನ್ ಪ್ರಿಪರೇಟರಿ ಶಾಲೆಯ ಹೆಸರು ಕಿವಿಗೆ ಬಿದ್ದಿರುತ್ತದೆ. ಕಮ್ಯುನಿಸ್ಟ್ ಆಡಳಿತದ ಹಂಗೇರಿಯಿಂದ ತಪ್ಪಿಸಿಕೊಂಡು ಬಂದ ಸಿಸ್ಟರ್ಸಿಯನ್ ಸನ್ಯಾಸಿಗಳು 1962ರಲ್ಲಿ ಶುರು ಮಾಡಿದ ಗಂಡುಮಕ್ಕಳ ಶಾಲೆ. ಇತ್ತೀಚಿನ ಕ್ಲಾಸಿಕಲ್ ಅಲೆಗೆ ಮುಂಚಿನದ್ದು. ಅವರು ಹೊಸದಾಗಿ ಏನೂ ಘೋಷಣೆ ಮಾಡಲಿಲ್ಲ, ಯುರೋಪಿನಲ್ಲಿ ತಮಗೆ ಗೊತ್ತಿದ್ದ ಶಾಲೆಯನ್ನೇ ಟೆಕ್ಸಸ್‌ಗೆ ತಂದರು.

ಐದನೇ ಕ್ಲಾಸಿನಿಂದ ಹನ್ನೆರಡರವರೆಗೆ ಎಂಟು ವರ್ಷ. ಕ್ಲಾಸಿಗೆ ಅಲ್ಲಿ 'ಫಾರ್ಮ್' ಅನ್ನುತ್ತಾರೆ. ಪ್ರತಿ ಫಾರ್ಮಿಗೆ ಒಬ್ಬ ಫಾರ್ಮ್ ಮಾಸ್ಟರ್, ಮೊದಲಿನಿಂದಲೂ ಹೆಚ್ಚಾಗಿ ಒಬ್ಬ ಸನ್ಯಾಸಿ. ವಿಶೇಷ ಏನೆಂದರೆ ಆತ ಐದನೇ ಕ್ಲಾಸಿನ ಹುಡುಗರನ್ನು ಹಿಡಿದು ಹನ್ನೆರಡನೇ ಕ್ಲಾಸು ಮುಗಿಯುವ ತನಕ ಅವರ ಜೊತೆಗೇ ಮೇಲೆ ಹೋಗುತ್ತಾರೆ. ಹತ್ತು ವರ್ಷದ ಹುಡುಗ ಲಂಚ್ ಡಬ್ಬ ಮರೆತು ಅತ್ತದ್ದನ್ನು ನೋಡಿದವರೇ ಹದಿನೇಳನೇ ವಯಸ್ಸಿನಲ್ಲಿ ಅವನ ಕಾಲೇಜಿನ ಬಗ್ಗೆ ಅವನಪ್ಪನ ಜೊತೆ ಕೂತು ಮಾತಾಡುತ್ತಾರೆ. ಹುಡುಗ ಎಲ್ಲಿ ಸುಳ್ಳು ಹೇಳುತ್ತಾನೆ, ಎಲ್ಲಿ ನಿಜವಾಗಿಯೂ ಒದ್ದಾಡುತ್ತಿದ್ದಾನೆ ಅಂತ ಅವರಿಗೆ ಗೊತ್ತಿರುತ್ತದೆ.

ಇದು ಸಾಧ್ಯ ಆಗುವುದು ಅವರ ಜೀವನದ ರೀತಿಯಿಂದ. ಸಿಸ್ಟರ್ಸಿಯನ್ನರು ಸಂತ ಬೆನೆಡಿಕ್ಟರ ನಿಯಮ ಪಾಲಿಸುವವರು. ಸೇರಿದ ಮಠದಲ್ಲೇ ಸಾಯುವ ತನಕ ಇರುತ್ತೇನೆ ಅನ್ನುವುದು ಅವರ ಪ್ರತಿಜ್ಞೆಯಲ್ಲೇ ಇದೆ. ಮಠ ಇರುವುದು ಶಾಲೆಯ ಪಕ್ಕದಲ್ಲಿ. ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹೋಗುವ ಮಾತೇ ಇಲ್ಲ. ಅಲ್ಲಿ ಹೆಡ್‌ಮಾಸ್ಟರ್ ಆಗಿದ್ದ ಡೆನಿಸ್ ಫಾರ್ಕಸ್‌ಫಾಲ್ವಿ ಮುಂದೆ ಅದೇ ಮಠದ ಮುಖ್ಯಸ್ಥರಾದರು, ಬೈಬಲ್ ವಿದ್ವಾಂಸರಾಗಿಯೂ ಹೆಸರು ಮಾಡಿದರು. ಹೀಗೆ ಮುಂದಿನ ನಾಯಕರು ಒಳಗಿನಿಂದಲೇ ಬೆಳೆಯುತ್ತಾರೆ.

ತೊಂದರೆ ಇಲ್ಲವೆಂದಲ್ಲ. ಫಾರ್ಮ್ ಮಾಸ್ಟರಿಗೂ ನಿಮ್ಮ ಹುಡುಗನಿಗೂ ಹೊಂದಿಕೆ ಆಗದಿದ್ದರೆ ಎಂಟು ವರ್ಷ ಅಂದರೆ ದೊಡ್ಡ ಕಾಲ. ಹೆಣ್ಣುಮಕ್ಕಳಿಗೆ ಜಾಗ ಇಲ್ಲ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಹಂಗೇರಿಯಿಂದ ಬಂದ ಆ ಮೊದಲ ತಲೆಮಾರು ಬಹುತೇಕ ಮುಗಿದಿದೆ. ಮಠಕ್ಕೆ ಹೊಸ ಯುವಕರು ಸೇರುತ್ತಿದ್ದಾರಾ ಅನ್ನುವುದನ್ನು ಇಂಥ ಯಾವ ಶಾಲೆಯಲ್ಲಾದರೂ ಕೇಳಲೇಬೇಕು. ವಾಷಿಂಗ್ಟನ್‌ನ ಸೇಂಟ್ ಆನ್ಸೆಲ್ಮ್ಸ್ ಅಬ್ಬೆ ಶಾಲೆ, ಸೇಂಟ್ ಲೂಯಿಸ್‌ನ ಪ್ರಯರಿ ಶಾಲೆ, ಈ ಎರಡು ಬೆನೆಡಿಕ್ಟೀನ್ ಶಾಲೆಗಳಿಗೂ ಇದೇ ಪ್ರಶ್ನೆ.

ಸಿಸ್ಟರುಗಳ ವಿಷಯ ಬೇರೆ. 1860ರಲ್ಲಿ ಶುರುವಾದ ನ್ಯಾಶ್‌ವಿಲ್‌ನ ಡೊಮಿನಿಕನ್ ಸಿಸ್ಟರುಗಳು, 1997ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಶುರುವಾದ ಇನ್ನೊಂದು ಡೊಮಿನಿಕನ್ ಸಂಘ, ಇಬ್ಬರಲ್ಲೂ ಯುವತಿಯರು ಸೇರುತ್ತಿದ್ದಾರೆ. ಬಿಳಿ ನಿಲುವಂಗಿಯ ಈ ಸಿಸ್ಟರುಗಳು ಬೇರೆ ಬೇರೆ ರಾಜ್ಯಗಳ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಟೀಚರ್ ತರಬೇತಿಗೆ ನ್ಯಾಶ್‌ವಿಲ್ ಸಂಘಕ್ಕೆ ಸ್ವಂತ ಕಾಲೇಜೇ ಇದೆ. ಆದರೆ ಇವರು ಒಂದೇ ಊರಿಗೆ ಕಟ್ಟುಬಿದ್ದವರಲ್ಲ. ಮದರ್ ಕಳಿಸಿದ ಕಡೆ ಹೋಗಬೇಕು. ಮಗಳಿಗೆ ಪ್ರಾಣ ಅನ್ನುವಷ್ಟು ಇಷ್ಟವಾದ ಸಿಸ್ಟರ್ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಇನ್ನೊಂದು ರಾಜ್ಯದಲ್ಲಿರಬಹುದು. ಇದು ಊರಿನ ಕಾನ್ವೆಂಟಿನಲ್ಲಿ ಓದಿದವರಿಗೆ ಗೊತ್ತಿರುವ ಸಂಗತಿಯೇ. ಒಬ್ಬರು ಹೋದರೂ ಅದೇ ತರಬೇತಿ ಪಡೆದ ಇನ್ನೊಬ್ಬರು ಬರುತ್ತಾರೆ ಅನ್ನುವುದು ಸಮಾಧಾನ.

ವಾರಕ್ಕೆ ಎರಡು ಮೂರು ದಿನ ಶಾಲೆ, ಉಳಿದ ದಿನ ಮನೆಯಲ್ಲೇ ಪಾಠ ಅನ್ನುವ ಹೈಬ್ರಿಡ್ ಶಾಲೆಗಳೂ ಇವೆ. ಅಲ್ಲಿ ಅರ್ಧ ಟೀಚರ್ ನೀವೇ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದು ಆಗದ ಮಾತು.

ಕ್ಲಾಸಿನೊಳಗೆ ಕೂತು ನೋಡಿ

ಟೂರ್ ಮಾಡಿಸುವ ಅಡ್ಮಿಷನ್ ಕಚೇರಿಯವರ ಮಾತಿಗಿಂತ ಒಂದು ಪೀರಿಯಡ್ ಕ್ಲಾಸಿನಲ್ಲಿ ಕೂರುವುದು ಮೇಲು. ಬಿಡಲ್ಲ ಅಂದರೆ ಯಾಕೆ ಅಂತ ಕೇಳಿ.

ಒಂದು ಶಾಲೆಯಲ್ಲಿ ಐದನೇ ಕ್ಲಾಸಿನ ಲ್ಯಾಟಿನ್. ನಮ್ಮಲ್ಲಿ ರಾಮಃ ರಾಮೌ ರಾಮಾಃ ಬಾಯಿಪಾಠ ಮಾಡಿಸುವಂತೆ ಮಕ್ಕಳು ಮೆನ್ಸಾ, ಮೆನ್ಸೇ ಅಂತ ರಾಗವಾಗಿ ಹೇಳುತ್ತಿದ್ದರು. ಮೆನ್ಸಾ ಅಂದರೆ ಮೇಜು, ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ. ಒಬ್ಬ ಹುಡುಗ ಎದ್ದು "ಮೇಜು ಹೇಗೆ ಹೆಂಗಸಾಗುತ್ತೆ?" ಅಂದ. ಎಲ್ಲರೂ ನಕ್ಕರು. ಟೀಚರ್ ಗದರಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಬೋರ್ಡಿನ ಮೇಲೆ 'ಅಗ್ರಿಕೊಲಾ' ಅಂತ ಬರೆದು "ಇವನು ರೈತ. ಕೊನೆಯಲ್ಲಿ ಇವನಿಗೂ 'ಆ' ಇದೆ. ಇವನು?" ಅಂತ ಕೇಳಿ ಸುಮ್ಮನೆ ನಿಂತರು. ಅಷ್ಟು ಹೊತ್ತು ಸುಮ್ಮನಿರುವುದು ಸುಲಭ ಅಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿ "ಹಾಗಾದ್ರೆ ಕೊನೆಯ ಅಕ್ಷರ ನೋಡಿ ಲಿಂಗ ಹೇಳೋಕಾಗಲ್ಲ" ಅಂದಳು. ಟೀಚರ್ ಮುಂದಿನ ಪದಕ್ಕೆ ಹೋದರು. ಅಷ್ಟೇ.

ಇನ್ನೊಂದು ಶಾಲೆಯಲ್ಲಿ ಹತ್ತನೇ ಕ್ಲಾಸಿನ ಚರ್ಚೆ. ಮೇಜು ದುಂಡಗಿತ್ತು, ಸೂಟು ಹಾಕಿದ ಮೇಷ್ಟ್ರು ಚೆನ್ನಾಗಿ ಓದಿಕೊಂಡವರು. ಪೀರಿಯಡ್ ಪೂರ್ತಿ ಅವರೇ ಮಾತಾಡಿದರು. ಮಕ್ಕಳು ನೋಟ್ಸ್ ಬರೆದುಕೊಂಡರು. ವೆಬ್‌ಸೈಟಿನಲ್ಲಿ ಎರಡೂ ಶಾಲೆಗಳ ವಿವರಣೆ ಹೆಚ್ಚುಕಮ್ಮಿ ಒಂದೇ.

ಖಾಸಗಿ ಶಾಲೆಯ ಟೀಚರಿಗೆ ಸರ್ಕಾರಿ ಪ್ರಮಾಣಪತ್ರ ಬಹುತೇಕ ರಾಜ್ಯಗಳಲ್ಲಿ ಕಡ್ಡಾಯ ಅಲ್ಲ. ಇದರಿಂದ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ. ಕ್ಯಾಲಿಫೋರ್ನಿಯಾದ ಥಾಮಸ್ ಅಕ್ವಿನಾಸ್ ಕಾಲೇಜು, ವರ್ಜೀನಿಯಾದ ಕ್ರಿಸ್ಟೆಂಡಮ್ ಕಾಲೇಜು, ಡಲ್ಲಾಸ್ ವಿಶ್ವವಿದ್ಯಾಲಯ, ಇಂಥ ಕಡೆ ಓದಿ ಬಂದ ಹುಡುಗ ಹುಡುಗಿಯರು ಈ ಶಾಲೆಗಳ ಬೆನ್ನೆಲುಬು. ಪುಸ್ತಕದ ಮೇಲೆ ಪ್ರೀತಿ ಇರುತ್ತದೆ. ಇಪ್ಪತ್ತೈದು ಮಕ್ಕಳ ಕ್ಲಾಸನ್ನು ಹಿಡಿತದಲ್ಲಿ ಇಡುವುದು ಗೊತ್ತಿರುವುದಿಲ್ಲ. ಅವರಿಗೆ ಹಿರಿಯ ಮೇಷ್ಟ್ರೊಬ್ಬರು ಜೊತೆಗಿದ್ದು ಕಲಿಸುತ್ತಾರಾ? ಹೆಡ್‌ಮಾಸ್ಟರ್ ತಾವೇ ಒಂದು ಕ್ಲಾಸ್ ತೆಗೆದುಕೊಳ್ಳುತ್ತಾರಾ? ಪಾಠ ಮಾಡುವ ಹೆಡ್‌ಮಾಸ್ಟರ್ ಕಂಡರೆ ನನಗೆ ಅರ್ಧ ನಂಬಿಕೆ ಬರುತ್ತದೆ.

ಉಳಿದರ್ಧ ಸಂಬಳದ ಪ್ರಶ್ನೆ. ಇಲ್ಲಿ ಸಂಬಳ ಸಾಮಾನ್ಯವಾಗಿ ಸರ್ಕಾರಿ ಶಾಲೆಗಿಂತ ಕಡಿಮೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಅದು ನಡೆಯುತ್ತದೆ, ಮೂರು ಮಕ್ಕಳಾದ ಮೇಲೆ ನಡೆಯಲ್ಲ. "ಕಳೆದ ಎರಡು ವರ್ಷದಲ್ಲಿ ಯಾರ್ಯಾರು ಬಿಟ್ಟು ಹೋದರು, ಯಾಕೆ?" ಅಂತ ಹೆಡ್‌ಮಾಸ್ಟರನ್ನು ಕೇಳಿ. ಒಬ್ಬರು ನನಗೆ ಬೆರಳು ಮಡಚಿ ಲೆಕ್ಕ ಕೊಟ್ಟರು. ಒಬ್ಬರ ಹೆಂಡತಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಒಬ್ಬರಿಗೆ ನಮ್ಮ ಸಂಬಳ ಸಾಲಲಿಲ್ಲ, ಒಬ್ಬರನ್ನು ನಾನೇ ಬೇಡ ಅಂದೆ ಅಂತ. ಇನ್ನೊಬ್ಬರು "ದೇವರು ಅವರನ್ನು ಬೇರೆ ಸೇವೆಗೆ ಕರೆದ" ಅಂದರು. ದೇವರು ಒಂದೇ ಬೇಸಿಗೆಯಲ್ಲಿ ಅಷ್ಟೊಂದು ಜನರನ್ನು ಕರೆದನಾ ಅಂತ ನನಗೆ ಅನಿಸಿದ್ದು ನಿಜ.

ಬಾಯಿಬಿಟ್ಟು ಕೇಳಲು ಸಂಕೋಚವಾದರೆ ವೇಬ್ಯಾಕ್ ಮೆಷಿನ್ ತಾಣದಲ್ಲಿ ಶಾಲೆಯ ಹಳೇ ಪುಟಗಳನ್ನು ತೆಗೆದು ಮೂರು ವರ್ಷದ ಹಿಂದಿನ ಟೀಚರುಗಳ ಪಟ್ಟಿಯನ್ನು ಈಗಿನದ್ದರ ಜೊತೆ ಇಟ್ಟು ನೋಡಿ. ಅರ್ಧಕ್ಕಿಂತ ಜಾಸ್ತಿ ಹೆಸರು ಬದಲಾಗಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಗಣಿತ, ವಿಜ್ಞಾನ, ಮತ್ತೆ ನಮ್ಮ ಮನೆಗಳ ಚಿಂತೆ

ನಮ್ಮವರು ಮೊದಲು ಕೇಳುವುದು ಇದನ್ನೇ, ತಪ್ಪೇನಿಲ್ಲ. ಸಾಹಿತ್ಯಕ್ಕೆ ಒಳ್ಳೇ ಮೇಷ್ಟ್ರು ಸಿಗುವಷ್ಟು ಸುಲಭವಾಗಿ ಫಿಸಿಕ್ಸ್‌ಗೆ ಸಿಗುವುದಿಲ್ಲ. ಸಣ್ಣ ಶಾಲೆಯಲ್ಲಿ ಒಬ್ಬರೇ ಕೆಮಿಸ್ಟ್ರಿ, ಫಿಸಿಕ್ಸ್, ಕ್ಯಾಲ್ಕುಲಸ್ ಮೂರನ್ನೂ ಮಾಡುವುದುಂಟು. ಆ ಒಬ್ಬರು ಹೋದರೆ ಮೂರೂ ಹೋಯಿತು. ಅವರು ಓದಿದ್ದು ಏನು, ಲ್ಯಾಬ್ ಇದೆಯಾ, ಅವರಿಗೆ ಬದಲಿ ಯಾರು, ನೇರವಾಗಿ ಕೇಳಿ. ಹಲವು ಕ್ಲಾಸಿಕಲ್ ಶಾಲೆಗಳು ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ಕೋರ್ಸ್ ಇಡುವುದೇ ಇಲ್ಲ. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಬದಲು 2015ರಲ್ಲಿ ಬಂದ ಸಿಎಲ್‌ಟಿ ಪರೀಕ್ಷೆಯ ಕಡೆ ಒಲವು ಇರುವವರೂ ಇದ್ದಾರೆ. ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು ಅದನ್ನು 2023ರಿಂದ ಒಪ್ಪುತ್ತವೆ. ನಿಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜು ಒಪ್ಪುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಓದಲು ಕಷ್ಟಪಡುವ ಮಗು ಇದ್ದರೆ ಅದಕ್ಕೆ ತರಬೇತಾದ ಟೀಚರ್ ಇದ್ದಾರಾ ಅನ್ನುವುದೇ ಮೊದಲ ಪ್ರಶ್ನೆ ಆಗಬೇಕು. ಸಣ್ಣ ಶಾಲೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕ್ಯಾಥೊಲಿಕ್ ಅಲ್ಲದ ಮಕ್ಕಳನ್ನು ಹೆಚ್ಚಿನ ಶಾಲೆಗಳು ಸೇರಿಸಿಕೊಳ್ಳುತ್ತವೆ. ಧರ್ಮದ ಪಾಠ ಎಲ್ಲರಿಗೂ ಕಡ್ಡಾಯ. ಬಲಿಪೂಜೆಗೆ (ಚರ್ಚಿನ ಮಾಸ್) ಎಲ್ಲರೂ ಹೋಗುತ್ತಾರೆ, ಕ್ಯಾಥೊಲಿಕ್ ಅಲ್ಲದ ಮಕ್ಕಳು ಪರಮಪ್ರಸಾದ (ಕಮ್ಯುನಿಯನ್) ತೆಗೆದುಕೊಳ್ಳುವುದಿಲ್ಲ. ಇಷ್ಟು ಹ್ಯಾಂಡ್‌ಬುಕ್‌ನಲ್ಲೇ ಇರುತ್ತದೆ. ಅದರಲ್ಲಿ ಇಲ್ಲದ್ದನ್ನು ಟೀಚರನ್ನೇ ಕೇಳಿ: "ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ವಿಗ್ರಹಪೂಜೆಯ ಪಾಠ ಬರುವ ದಿನ ಕ್ಲಾಸಿನಲ್ಲಿ ಹಿಂದೂ ಹುಡುಗಿ ಕೂತಿದ್ದರೆ ಹೇಗೆ ಹೇಳುತ್ತೀರಿ?" ಒಳ್ಳೇ ಟೀಚರ್ ಇದನ್ನು ಆಗಲೇ ಯೋಚಿಸಿರುತ್ತಾರೆ. ತಮ್ಮ ನಂಬಿಕೆಯನ್ನು ಮುಚ್ಚಿಡುವುದಿಲ್ಲ, ಹುಡುಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ಇಲ್ಲ. "ಅಂಥ ಸಮಸ್ಯೆ ಬಂದೇ ಇಲ್ಲ" ಅಂದರೆ ಆ ಶಾಲೆ ನಿಮಗೆ ಬೇಡ.

ಮಕ್ಕಳ ಸುರಕ್ಷತೆ ವಿಷಯದಲ್ಲಿ ನಾಚಿಕೆ ಬೇಡ. 2002ರಲ್ಲಿ ಬಿಷಪರು ಡಲ್ಲಾಸ್‌ನಲ್ಲಿ ಸೇರಿ ಒಪ್ಪಿದ ನಿಯಮಗಳ ಪ್ರಕಾರ ಧರ್ಮಕ್ಷೇತ್ರದ ಶಾಲೆಗಳಲ್ಲಿ ಮಕ್ಕಳ ಜೊತೆ ಒಡನಾಟ ಇರುವ ಸಿಬ್ಬಂದಿಯ ಹಿನ್ನೆಲೆ ತಪಾಸಣೆ ಮತ್ತು ತರಬೇತಿ ಆಗಲೇಬೇಕು. ಸ್ವತಂತ್ರ ಶಾಲೆಯಾದರೆ ಧರ್ಮಕ್ಷೇತ್ರದ ಅದೇ ನಿಯಮ ಪಾಲಿಸುತ್ತೀರಾ, ದೂರು ಬಂದರೆ ಹೆಡ್‌ಮಾಸ್ಟರನ್ನು ಬಿಟ್ಟು ಬೇರೆ ಯಾರಿಗೆ ಹೇಳಬಹುದು ಅಂತ ಕೇಳಿ. ಬರವಣಿಗೆಯಲ್ಲಿ ತೋರಿಸದಿದ್ದರೆ ಮುಂದಿನ ಮಾತೇ ಬೇಡ.

ಟೀಚರುಗಳ ರಕ್ಷಣೆಯೂ ನಿಮಗೆ ಸಂಬಂಧಪಟ್ಟದ್ದೇ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಕ್ಯಾಥೊಲಿಕ್ ಶಾಲೆಗಳ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಧರ್ಮ ಬೋಧಿಸುವ ಹೊಣೆ ಇರುವ ಟೀಚರನ್ನು ಕೆಲಸದಿಂದ ತೆಗೆದರೆ ತಾರತಮ್ಯದ ಕಾನೂನಿನಡಿ ಆಕೆ ದಾವೆ ಹೂಡುವಂತಿಲ್ಲ ಅಂತ. ಅಂದರೆ ಹೆಡ್‌ಮಾಸ್ಟರ್ ಕೈಯಲ್ಲಿ ಬಹಳ ಅಧಿಕಾರ ಇದೆ. ಟೀಚರ್ ತನ್ನ ಅಹವಾಲು ಯಾರ ಮುಂದೆ ಹೇಳಬಹುದು ಅನ್ನುವ ದಾರಿ ಶಾಲೆಯೊಳಗೇ ಇಲ್ಲದಿದ್ದರೆ ಒಳ್ಳೆಯವರು ಸದ್ದಿಲ್ಲದೆ ಹೊರಡುತ್ತಾರೆ.

ನಾನಾದರೆ

ಇರ್ವಿಂಗ್‌ನಲ್ಲಿದ್ದು ಹತ್ತು ವರ್ಷದ ಮಗನಿದ್ದರೆ, ಸೀಟು ಸಿಕ್ಕಿದರೆ, ಸಿಸ್ಟರ್ಸಿಯನ್ ಬಗ್ಗೆ ಎರಡು ಸಲ ಯೋಚಿಸುವುದಿಲ್ಲ. ಎಲ್‌ಕೆಜಿ, ಒಂದನೇ ಕ್ಲಾಸಿನ ಮಗುವಾದರೆ ದೊಡ್ಡ ಹೆಸರಿನ ಸ್ವತಂತ್ರ ಶಾಲೆಗಿಂತ ಹಳೇ ಟೀಚರುಗಳಿರುವ ಧರ್ಮಕೇಂದ್ರದ ಶಾಲೆಯೇ ನನಗೆ ವಾಸಿ. ಆ ವಯಸ್ಸಿನಲ್ಲಿ ಬೇಕಾದ್ದು ಓದು ಬರಹ ಚೆನ್ನಾಗಿ ಕಲಿಸುವ, ಅಳುವ ಮಗುವನ್ನು ಸುಧಾರಿಸುವ ಅನುಭವಿ. ಹೈಸ್ಕೂಲಿಗೆ ಬಂದ ಮೇಲೆ ಮಂಡಳಿ ಗಟ್ಟಿಯಾಗಿರುವ ಸ್ವತಂತ್ರ ಶಾಲೆ. ಹೆಣ್ಣುಮಗುವಿಗೆ ಡೊಮಿನಿಕನ್ ಸಿಸ್ಟರುಗಳಿರುವ ಶಾಲೆ ಹತ್ತಿರದಲ್ಲಿದ್ದರೆ ಮೊದಲು ಅಲ್ಲಿಗೇ ಹೋಗಿ ನೋಡುತ್ತೇನೆ.

ಹೊತ್ತಿನ ಲೆಕ್ಕವೂ ಇದೆ. ಅಡ್ಮಿಷನ್ ಭೇಟಿಗಳು ಹೆಚ್ಚಾಗಿ ಶರತ್ಕಾಲದಿಂದ ಚಳಿಗಾಲದ ತನಕ. ಮುಂದಿನ ವರ್ಷ ಉಳಿಯುತ್ತೇನೋ ಇಲ್ಲವೋ ಅಂತ ಟೀಚರುಗಳು ಹೇಳುವುದು ಸಾಮಾನ್ಯವಾಗಿ ಅದಾದ ಮೇಲೆ. ಹೀಗಾಗಿ ನೀವು ಕ್ಲಾಸಿನಲ್ಲಿ ಕೂತು ಮೆಚ್ಚಿದ ಟೀಚರ್ ಆಗಸ್ಟ್‌ನಲ್ಲಿ ಇರದೇ ಹೋಗಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಫೋನು ಮಾಡಿ, ಯಾರು ಉಳಿಯುತ್ತಿದ್ದಾರೆ ಅಂತ ಮತ್ತೊಮ್ಮೆ ಕೇಳಿ. ಆ ಒಪ್ಪಂದವನ್ನೂ ಓದಿ. ಇಂತಿಂಥ ತಾರೀಕು ದಾಟಿದ ಮೇಲೆ ಮಗುವನ್ನು ಬಿಡಿಸಿದರೂ ಇಡೀ ವರ್ಷದ ಫೀಸು ಕಟ್ಟಬೇಕು ಅನ್ನುವ ಸಾಲು ಎಷ್ಟೋ ಸ್ವತಂತ್ರ ಶಾಲೆಗಳಲ್ಲಿ ಇರುತ್ತದೆ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡು, ಅದಕ್ಕೆ ಒಂದು ವಾರ ಮುಂಚೆ ಫೋನು ಮಾಡಿ.